ಬಾಟಲಿಗೆ ಮೂರು ತೂತು: ಕೆಳಗಿನ ಧಾರೆ ಯಾಕೆ ದೂರ ಹೋಗುತ್ತಿಲ್ಲ?

ಎಂಟನೇಕ್ಲಾಸ್_ಮಿಸ್:
ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಈ ವಾರ ‘ಬಲ ಮತ್ತು ಒತ್ತಡ’ ಪಾಠ. ಆಳ ಹೆಚ್ಚಾದಷ್ಟೂ ನೀರಿನ ಒತ್ತಡ ಜಾಸ್ತಿ ಅಂತ ತೋರಿಸೋಣ ಎಂದು 2 ಲೀಟರ್ ಬಾಟಲಿಗೆ ಕಾಯಿಸಿದ ಮೊಳೆಯಿಂದ ಮೂರು ತೂತು ಮಾಡಿದೆ, ತಳದಿಂದ 5, 10, 15 ಸೆಂ.ಮೀ. ಎತ್ತರದಲ್ಲಿ. ನೀರು 20 ಸೆಂ.ಮೀ.ವರೆಗೆ. ನಮ್ಮ ಲ್ಯಾಬಿನ ಚಾರ್ಟಿನಲ್ಲಿ ಕೆಳಗಿನ ಧಾರೆ ಎಲ್ಲಕ್ಕಿಂತ ದೂರ ಬೀಳುತ್ತದೆ. ನಾನೂ ಮೊದಲೇ ಹಾಗೇ ಹೇಳಿಬಿಟ್ಟಿದ್ದೆ. ಬಾಟಲಿಯನ್ನು ನೆಲದ ಮೇಲಿಟ್ಟು ಟೇಪ್ ಕಿತ್ತರೆ ನಡುವಿನದು ದೂರ ಹೋಯಿತು, ಮೇಲಿನದು ಕೆಳಗಿನದು ಎರಡೂ ಹೆಚ್ಚುಕಮ್ಮಿ ಒಂದೇ ಕಡೆ ಬಿದ್ದವು! ಹಿಂದಿನ ಬೆಂಚಿನ ಹುಡುಗ "ಮಿಸ್, ಹಾಗಾದ್ರೆ ನಡುವೆ ಒತ್ತಡ ಜಾಸ್ತಿನಾ?" ಅಂದ. ತೂತು ಸರಿಯಾಗಿ ಬಂದಿಲ್ಲ ಅಂತ ಏನೋ ಹೇಳಿ ಜಾರಿಕೊಂಡೆ. ತಪ್ಪಾಗಿದ್ದು ಎಲ್ಲಿ?

ನಿವೃತ್ತ_ಮೇಷ್ಟ್ರು:
ನಿಮ್ಮ ತೂತು ಸರಿಯಾಗಿದೆ ಮೇಡಂ, ಚಾರ್ಟೇ ತಪ್ಪು. ಈ ಚಿತ್ರ ಎಷ್ಟೋ ಗೈಡುಗಳಲ್ಲೂ ಇದೆ, ಬರೆದವರು ಒಂದು ಸಲ ಬಾಟಲಿಗೆ ನೀರು ತುಂಬಿ ನೋಡಿದ್ದರೆ ಸಾಕಿತ್ತು. ಕೆಳಗಿನ ನೀರು ಜೋರಾಗಿಯೇ ಹೊರಬರುತ್ತದೆ, ಆದರೆ ಅದಕ್ಕೆ ನೆಲ ಹತ್ತಿರ. ದೂರ ಹೋಗಲು ಹೊತ್ತೇ ಸಿಗುವುದಿಲ್ಲ.

ಲೆಕ್ಕದ_ಹುಚ್ಚ:
ಮೇಷ್ಟ್ರು ಹೇಳಿದ್ದಕ್ಕೆ ಲೆಕ್ಕ ಸೇರಿಸುತ್ತೇನೆ. 1640ರ ದಶಕದಲ್ಲೇ ಇಟಲಿಯ ವಿಜ್ಞಾನಿ ಟೊರಿಚೆಲ್ಲಿ ಕಂಡುಕೊಂಡ ನಿಯಮ ಇದು: ತೂತು ನೀರಿನ ಮಟ್ಟದಿಂದ ಎಷ್ಟು ಕೆಳಗಿದೆಯೋ, ಅಷ್ಟೇ ಎತ್ತರದಿಂದ ಕೆಳಗೆ ಬಿದ್ದ ಕಲ್ಲಿನ ವೇಗದಷ್ಟೇ ಅದರಿಂದ ಬರುವ ನೀರಿನ ವೇಗ. ನಿಮ್ಮ ಮೇಲಿನ ತೂತು ನೀರಿನ ಮಟ್ಟದಿಂದ 5 ಸೆಂ.ಮೀ. ಕೆಳಗಿದೆ, ವೇಗ ಸೆಕೆಂಡಿಗೆ ಸುಮಾರು 1 ಮೀಟರ್. ನೆಲ ಮುಟ್ಟಲು 0.17 ಸೆಕೆಂಡ್. ಅಂದರೆ 17 ಸೆಂ.ಮೀ. ದೂರ. ಕೆಳಗಿನದರ ವೇಗ 1.7 ಮೀಟರ್, ಆದರೆ ಸಮಯ ಬರೀ 0.1 ಸೆಕೆಂಡ್. ಅದೂ 17! ನಡುವಿನದು 1.4 ಮೀಟರ್ ವೇಗದಲ್ಲಿ 0.14 ಸೆಕೆಂಡ್ ಹಾರಿ ಹತ್ತಿರ ಹತ್ತಿರ 20 ಸೆಂ.ಮೀ. ತಲುಪುತ್ತದೆ. ಘರ್ಷಣೆಯಿಂದ ಸ್ವಲ್ಪ ಕಮ್ಮಿ ಬರಬಹುದು.

ಚಾರ್ಟಿನಂತೆ ಕಾಣಬೇಕೆಂದರೆ ಬಾಟಲಿಯನ್ನು ಎತ್ತರದಲ್ಲಿಡಿ, ನೀರಿನ ಮಟ್ಟ ಎಷ್ಟಿದೆಯೋ ಕನಿಷ್ಠ ಅಷ್ಟು ಎತ್ತರಕ್ಕೆ. ಆಗ ಕೆಳಗಿನದೇ ಗೆಲ್ಲುತ್ತದೆ.

ಕೊಳಾಯಿ_ಕಿಟ್ಟಿ:
ಎರಡು ಮಾತು. ಟೇಪ್ ಕಿತ್ತಮೇಲೆ ಮಟ್ಟ ಇಳಿಯುತ್ತಾ ಹೋಗುತ್ತದೆ ಅಲ್ವಾ, ಅದಕ್ಕೆ ಒಬ್ಬರು ಚೊಂಬಿನಲ್ಲಿ ನೀರು ಸುರಿಯುತ್ತಾ 20ರ ಗೆರೆಗೇ ನಿಲ್ಲಿಸಬೇಕು. ಇನ್ನೊಂದು, ಎಲ್ಲಿ ಬಿತ್ತು ಅಂತ ನೋಡುವುದು ಬಿಟ್ಟು ತೂತಿನ ಬಾಯಲ್ಲೇ ನೋಡಿ. ಕೆಳಗಿನ ಧಾರೆ ಕಡ್ಡಿಯ ಹಾಗೆ ನೆಟ್ಟಗೆ ಬರುತ್ತದೆ, ಮೇಲಿನದು ಹೊರಬರುತ್ತಲೇ ಬಾಗುತ್ತದೆ. ಒತ್ತಡ ಕಾಣುವುದು ಅಲ್ಲಿ. (ಮುಚ್ಚಳ ಬಿಗಿ ಮಾಡಿಯೂ ನೋಡಿ, ಮೇಲಿನ ತೂತಿನಿಂದ ಗಾಳಿ ಗುಳುಗುಳು ಅಂತ ಒಳಗೆ ಹೋಗುತ್ತದೆ, ಮಕ್ಕಳಿಗೆ ಭಾರಿ ಖುಷಿ.)

ಎಂಟನೇಕ್ಲಾಸ್_ಮಿಸ್:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮತ್ತೆ ಮಾಡಿದೆವು. "ಮೊನ್ನೆ ನಾನು ಹೇಳಿದ್ದು ತಪ್ಪು" ಅಂತಲೇ ಶುರು ಮಾಡಿದೆ, ಕ್ಲಾಸು ಇಷ್ಟು ಸುಮ್ಮನಾಗಿದ್ದನ್ನು ನಾನು ನೋಡಿರಲಿಲ್ಲ. ನೆಲದ ಮೇಲಿಟ್ಟಾಗ ಮೇಲಿಂದ 16, 18.5, 16. ಆಮೇಲೆ 30 ಸೆಂ.ಮೀ. ಎತ್ತರದ ಬಕೆಟ್ ಬೋರಲು ಹಾಕಿ ಅದರ ಮೇಲಿಟ್ಟೆವು: 28, 37, 42. ಆ ಹಿಂದಿನ ಬೆಂಚಿನ ಹುಡುಗನೇ ಸ್ಕೇಲ್ ಹಿಡಿದಿದ್ದ, ಪ್ಯಾಂಟ್ ಮೊಣಕಾಲಿನವರೆಗೆ ಒದ್ದೆ. ಈಗ ಅವನಿಗೆ ಹೊಸ ಅನುಮಾನ, ನೀರಿನ ಬದಲು ಅಡುಗೆ ಎಣ್ಣೆ ಹಾಕಿದರೆ ಏನಾಗುತ್ತದೆ ಅಂತ. ಎಣ್ಣೆ ರೇಟು ನೋಡಿದ್ದೀರಾ ಮೇಷ್ಟ್ರೇ?

ನಿವೃತ್ತ_ಮೇಷ್ಟ್ರು:
ಉಪ್ಪುನೀರು ಹಾಕಿಸಿ. ಒತ್ತಡ ಹೆಚ್ಚುತ್ತದೆ, ಆದರೆ ಧಾರೆ ಬೀಳುವ ಜಾಗ ಬದಲಾಗುವುದಿಲ್ಲ. ಯಾಕೆ ಅಂತ ಅವನೇ ಒಂದು ದಿನ ತಲೆ ಕೆಡಿಸಿಕೊಳ್ಳಲಿ.