ಅಪ್‌ಡೇಟ್: ದಪ್ಪ ಟೈರಿನ ಸೈಕಲ್ಲಿನ ಚೈನ್ ತೊಂದರೆ ಬಗೆಹರಿಯಿತು

ಮನೆಯಲ್ಲೇ ಕಟ್ಟಿದ ಸೈಕಲ್ಲಿನಲ್ಲಿ, ಕಡಿಮೆ ಗೇರಿಗೆ ಹಾಕಿದೊಡನೆ ಚೈನ್ 4 ಇಂಚಿನ ಟೈರಿಗೆ ಉಜ್ಜುತ್ತದೆ ಎಂದು ಕೇಳಿದ್ದೆನಲ್ಲ, ಸರಿಹೋಯಿತು. ಹಿಂದಿನ ದೊಡ್ಡ ಹಲ್ಲುಚಕ್ರ ತೆಗೆಯಿರಿ ಎಂಬ ಸಲಹೆಯಿಂದ ಉಜ್ಜುವುದೇನೋ ನಿಂತಿತು, ಏರು ಹತ್ತುವುದೂ ನಿಂತಿತು! ಎರಡು ಪೆಡಲ್ ಕಾಲುಗಳನ್ನು ಜೋಡಿಸುವ ಅಚ್ಚಿನ (ಆಕ್ಸಲ್) ಬದಲು ಉದ್ದನೆಯದನ್ನು ಹಾಕಿ ಮುಂದಿನ ಹಲ್ಲುಚಕ್ರವನ್ನು ಹೊರಗೆ ಸರಿಸಿ ಎಂದವರಿಗೆ ನಮಸ್ಕಾರ. ಪೀಣ್ಯದ ಲೇತ್ ಅಂಗಡಿಯಲ್ಲಿ ಅಚ್ಚು ಮಾಡಿಸಿದೆ. ಈಗ ಚೈನಿಗೂ ಟೈರಿಗೂ ನಡುವೆ ಪೆನ್ಸಿಲ್ ತೂರುತ್ತದೆ.

ಅಚ್ಚರಿಯೆಂದರೆ ಟೈರಿನ ಗಾಳಿಯದು. ಡಿಸೆಂಬರಿನ ಚಳಿಯಲ್ಲಿ ಹೆಸರಘಟ್ಟದ ಕಡೆಯ ಮಣ್ಣುದಾರಿಯಲ್ಲಿ ಗಾಳಿಯ ಒತ್ತಡ 20 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಇದ್ದಾಗ ಸೈಕಲ್ ಪುಟಿಯುತ್ತಿತ್ತು. 8ಕ್ಕೆ ಇಳಿಸಿದ ಮೇಲೆ ಸಡಿಲ ಜಲ್ಲಿಯನ್ನೂ ಕಚ್ಚಿ ಹಿಡಿಯಿತು. ಹಿಮದ ನಾಡಿನವರು ಇನ್ನೂ ಇಳಿಸುತ್ತಾರಂತೆ. ಆದರೆ ಟಾರು ರಸ್ತೆಯಲ್ಲಿ ಹ್ಯಾಂಡಲ್ ತಾನಾಗಿ ಎಳೆಯುತ್ತದೆ, ಎಚ್ಚರ. ಸಾಧಾರಣ ಪಂಪಿನ ಮುಳ್ಳು ಇಷ್ಟು ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸುವುದಿಲ್ಲ. ಬೇರೆ ಮಾಪಕ ಕೊಳ್ಳಿ.