ಸಹಾಯ ಬೇಕು: ತಾತನ ದನಿ ಇರುವ ಹಳೆಯ ಕ್ಯಾಸೆಟ್ ಉಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಮ್ಮ ತಾತ ತೀರಿಕೊಂಡರು. ತೊಂಬತ್ತು ದಾಟಿದ್ದರು. ಓದು ಬರದವರಿಗೆ ಅರ್ಜಿ ಬರೆದುಕೊಡುವುದು, ಕಾಯಿಲೆಯವರ ಜೊತೆ ಆಸ್ಪತ್ರೆಯಲ್ಲಿ ರಾತ್ರಿ ಕೂರುವುದು, ಇದೇ ಅವರ ಬದುಕು. ದಿನಾ ಬೆಳಗ್ಗೆ ಪ್ರಾರ್ಥನೆ ತಪ್ಪಿಸಿದವರಲ್ಲ, ಆದರೆ ಯಾರಿಗೂ ಉಪದೇಶ ಮಾಡಲಿಲ್ಲ. ಕಿವಿಗೆ ಮಷಿನ್ ಹಾಕಿದ ಮೇಲೆ, "ಬೈಗುಳ ಮಾತ್ರ ಇದರಲ್ಲಿ ಕೇಳಿಸಲ್ಲ, ಒಳ್ಳೆ ಕಂಪನಿ" ಎನ್ನುತ್ತಿದ್ದರು!

ಅವರು ಪ್ರಾರ್ಥನೆ ಹೇಳಿ, ಮಧ್ಯೆ ಜೋಕ್ ಹೊಡೆದಿರುವ ಒಂದು ಕ್ಯಾಸೆಟ್ ಸಿಕ್ಕಿದೆ. ಅರವತ್ತು ನಿಮಿಷದ್ದು. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಇದೆ. ಹಾಗೇ ಓಡಿಸಿದರೆ ಬೂಷ್ಟು ಪ್ಲೇಯರಿನಲ್ಲಿ ದನಿ ಓದುವ ಹೆಡ್‌ಗೂ ಅಂಟುತ್ತದೆ, ಟೇಪ್ ಹರಿಯಲೂಬಹುದು. ಅದಕ್ಕೆ ಇನ್ನೂ ಮುಟ್ಟಿಲ್ಲ. ಯಾರಾದರೂ ಇಂಥದ್ದನ್ನು ಮನೆಯಲ್ಲೇ ಸ್ವಚ್ಛ ಮಾಡಿದ್ದೀರಾ? ಇಲ್ಲಾ ಗೊತ್ತಿರುವವರ ಕೈಗೇ ಕೊಡಬೇಕಾ? ಕಂಪ್ಯೂಟರಿಗೆ ಹಾಕುವಾಗ ಮೊದಲು ದನಿ ಕುಗ್ಗಿಸದೆ ಇಡುವ ವೇವ್ ಫೈಲ್ ಮಾಡಿಟ್ಟು, ಹಂಚಲು ಚಿಕ್ಕದಾದ ಎಂಪಿ3 ಫೈಲ್ ಮಾಡೋಣ ಅಂತಿದ್ದೇನೆ. ಸರಿ ಅಲ್ವಾ?

ಇನ್ನೊಂದು. ನೆನಪಿನ ಸಭೆಯಲ್ಲಿ ನಾನು ಐದು ನಿಮಿಷ ಮಾತಾಡಬೇಕು. ಜೋಕ್ ಜಾಸ್ತಿ ಆದರೆ ಹಿರಿಯರು ಬೇಸರ ಮಾಡಿಕೊಳ್ಳುತ್ತಾರಾ? ಸುಮ್ನೆ ಹೊಗಳಿದರೆ ಅದು ತಾತನೇ ಅನ್ನಿಸುವುದಿಲ್ಲ. ಇಂಥ ಮಾತು ಆಡಿದವರು ಹೇಗೆ ಶುರು ಮಾಡಿದಿರಿ, ದಯವಿಟ್ಟು ಹೇಳಿ.