ಗಾಲಿಕುರ್ಚಿಯಲ್ಲಿ ಕುಳಿತು ಅಡುಗೆ: ಹಳೆಯ ಮನೆಯಲ್ಲಿ ಏನೇನು ಬದಲಾಯಿಸಬೇಕು?

ಕೊಡಗಿನ ನಾಪೋಕ್ಲಿನಿಂದ ಪ್ರಶ್ನೆ:
ಬೆನ್ನುಮೂಳೆಗೆ ಪೆಟ್ಟಾದ ಮೇಲೆ ನಮ್ಮ ಅಕ್ಕ ಗಾಲಿಕುರ್ಚಿಯಲ್ಲಿದ್ದಾರೆ. ಮೊದಲಿನಂತೆ ತಾವೇ ಅಡುಗೆ ಮಾಡಬೇಕೆಂದು ಅವರಿಗೆ ಆಸೆ. ನಮ್ಮದು ಎತ್ತರದ ಹೊಸ್ತಿಲಿನ ಹಳೆಯ ಮನೆ. ಅಡುಗೆಮನೆ ಒಡೆದು ಕಟ್ಟಿಸುವಷ್ಟು ಹಣವಿಲ್ಲ. ಎಲ್ಲಿಂದ ಶುರು ಮಾಡುವುದು?

ಮಡಿಕೇರಿಯಿಂದ:
ಮೇಸ್ತ್ರಿಯನ್ನು ಕರೆಸುವ ಮೊದಲು ಅಕ್ಕನನ್ನೇ ಒಳಗೆ ಕರೆದೊಯ್ಯಿರಿ. ಕುಳಿತಲ್ಲಿಂದ ಕೈ ಎಟುಕುವ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಗೆರೆಯ ಮೇಲಿನ ಡಬ್ಬಗಳೆಲ್ಲ ಕೆಳಗಿಳಿಯಲಿ.

ನಾನೂ ಗಾಲಿಕುರ್ಚಿಯವಳೇ. ಕಟ್ಟೆಯನ್ನು ತಗ್ಗಿಸಿ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಕಾಡಿದ್ದು ಕಟ್ಟೆಯ ಕೆಳಗಿನ ಕಪಾಟು. ಮಂಡಿ ಒಳಗೆ ಹೋಗದಿದ್ದರೆ ಸೊಂಟ ತಿರುಚಿಕೊಂಡೇ ಈರುಳ್ಳಿ ಹೆಚ್ಚಬೇಕು. ನಾನು ಕಟ್ಟೆಯನ್ನು ಮುಟ್ಟಲಿಲ್ಲ. ಬಡಗಿಯಿಂದ 75 ಸೆಂ.ಮೀ. ಎತ್ತರದ ಗಟ್ಟಿ ಮೇಜು ಮಾಡಿಸಿದೆ, ಕಾಲಿಗೆ ತಾಗುವ ಅಡ್ಡಪಟ್ಟಿ ಇಲ್ಲದ್ದು. ಒಲೆಯೂ ಹೆಚ್ಚುವ ಮಣೆಯೂ ಅದರ ಮೇಲೆಯೇ. ಪಾತ್ರೆಯನ್ನು ಎತ್ತುವುದಿಲ್ಲ, ಜಾರಿಸುತ್ತೇನೆ.

ಬಿಸಿ ಪಾತ್ರೆಯನ್ನು ಯಾವ ಕಾರಣಕ್ಕೂ ತೊಡೆಯ ಮೇಲಿಟ್ಟುಕೊಳ್ಳಬಾರದು. ಕಾಲಿನಲ್ಲಿ ಸ್ಪರ್ಶವಿಲ್ಲದಿದ್ದರೆ ಸುಟ್ಟಿದ್ದು ತಿಳಿಯುವುದೇ ಇಲ್ಲ. ಬೊಬ್ಬೆ ಎದ್ದ ಮೇಲೆ ಕಣ್ಣಿಗೆ ಬೀಳುತ್ತದೆ. ಅನ್ನ ಬಸಿಯುವುದು ಇನ್ನೂ ಅಪಾಯ. ತಪ್ಪಲೆ ಬಗ್ಗಿಸಿದರೆ ಕುದಿಯುವ ಗಂಜಿ ನೇರವಾಗಿ ಮಡಿಲಿಗೆ. ಜಾಲರಿ ಸೌಟಿನಿಂದ ಅನ್ನವನ್ನು ಮೇಲೆತ್ತಿ, ಗಂಜಿ ತಪ್ಪಲೆಯಲ್ಲಿಯೇ ಆರಲಿ. ಕುಕ್ಕರಿನಲ್ಲಿ ನೀರು ಅಳೆದಿಟ್ಟರೆ ಈ ರಗಳೆಯೇ ಇಲ್ಲ, ಆದರೆ ನಮ್ಮ ಮನೆಯಲ್ಲಿ ಕುಕ್ಕರ್ ಅನ್ನವನ್ನು ಯಾರೂ ಒಪ್ಪುವುದಿಲ್ಲ.

ಹೊಸ್ತಿಲಿಗೆ ಇಳಿಜಾರು ಮಾಡಿಸುವಾಗ ಒಂದು ಇಂಚು ಎತ್ತರಕ್ಕೆ ಒಂದಡಿ ಉದ್ದ ಬೇಕು. ಆರು ಇಂಚಿನ ಹೊಸ್ತಿಲಿಗೆ ಆರಡಿ. ಹೊರಬಾಗಿಲಿಗೆ ಬರೀ ಹಲಗೆ ಸಾಲದು, ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಗೀರು ಹಾಕಿದ ಸಿಮೆಂಟೇ ಆಗಬೇಕು.

ಕುಶಾಲನಗರದಿಂದ:
ನನಗೆ ಪಾರ್ಶ್ವವಾಯುವಿನಿಂದ ಎಡಗೈ ನಡೆಯುವುದಿಲ್ಲ. ಮಣೆಗೆ ಎರಡು ಸ್ಟೀಲ್ ಮೊಳೆಗಳನ್ನು ತುದಿ ಮೇಲಾಗುವಂತೆ ಹೊಡೆಸಿದ್ದೇನೆ. ಆಲೂಗಡ್ಡೆಯನ್ನು ಅದಕ್ಕೆ ಚುಚ್ಚಿ ನಿಲ್ಲಿಸಿದರೆ ಒಂದೇ ಕೈಯಲ್ಲಿ ಹೆಚ್ಚಬಹುದು. ಮಣೆಯ ಕೆಳಗೆ ಒದ್ದೆ ಬಟ್ಟೆ ಇದ್ದರೆ ಜಾರುವುದಿಲ್ಲ. ನೂಪುಟ್ಟು (ಒತ್ತುಶಾವಿಗೆ) ಒತ್ತುವ ಕೆಲಸವನ್ನು ಮಗನಿಗೆ ಬಿಟ್ಟಿದ್ದೇನೆ, ಅದರಲ್ಲಿ ಹಠವಿಲ್ಲ. ಅಕ್ಕನಿಗೆ ಇಂಡಕ್ಷನ್ ಒಲೆ ಕೊಡಿಸಿ. ಬೆಂಕಿಯಿಲ್ಲ, ಸೆರಗು ಹೊತ್ತಿಕೊಳ್ಳುವ ಭಯವಿಲ್ಲ.

ಮಡಿಕೇರಿಯಿಂದ:
ಮಳೆ ಕಡಿಮೆಯಿರುವ ಕುಶಾಲನಗರದಲ್ಲಿ ಕುಳಿತು ಹೇಳುವುದು ಸುಲಭ! ಜುಲೈಯಲ್ಲಿ ನಾಪೋಕ್ಲು ಕಡೆ ಒಂದು ಮರ ಬಿದ್ದರೆ ವಿದ್ಯುತ್ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಮೇಲಾಗಿ ಕಡಂಬುಟ್ಟು (ಅಕ್ಕಿತರಿಯ ಉಂಡೆ) ಬೇಯಿಸುವ ಪಾತ್ರೆ ಅಲ್ಯೂಮಿನಿಯಮ್ಮಿನದಾದರೆ ಇಂಡಕ್ಷನ್ನಿನಲ್ಲಿ ಬಿಸಿಯೇ ಆಗುವುದಿಲ್ಲ. ಹಾಲು, ಚಹಾಕ್ಕೆ ಇರಲಿ, ಗ್ಯಾಸ್ ಬಿಡಬೇಡಿ.

ನಾಪೋಕ್ಲಿನಿಂದ:
ಮೇಜು ತಗ್ಗಾಗಿದ್ದರೆ ಸಿಲಿಂಡರ್ ಎಲ್ಲಿಡುವುದು?

ಮಡಿಕೇರಿಯಿಂದ:
ಮೇಜಿನ ಕೆಳಗೆ ಬೇಡ, ಅದು ಮಂಡಿಯ ಜಾಗ. ಪಕ್ಕದಲ್ಲಿ ನೇರವಾಗಿ ನಿಲ್ಲಿಸಿ. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು, ಆದ್ದರಿಂದ ಮೇಜನ್ನು ಮಾಡಿಸುವ ಮೊದಲು ಸಿಲಿಂಡರನ್ನೂ ಅಳೆದುಕೊಳ್ಳಿ. ರೆಗ್ಯುಲೇಟರಿನ ಗುಬುಟು ಅಕ್ಕನ ಕೈಗೆ ಕುಳಿತಲ್ಲಿಯೇ ಸಿಗಲಿ. ಸೋರಿದ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲಿ ನಿಲ್ಲುತ್ತದೆ. ಥಂಡಿಯೆಂದು ಬಾಗಿಲಿನ ಕೆಳಗಿನ ಸಂದಿಗೆ ಗೋಣಿಚೀಲ ತುರುಕುವ ನಮ್ಮ ಅಭ್ಯಾಸವನ್ನು ಅಡುಗೆಮನೆಯಲ್ಲಿ ಮಾತ್ರ ಬಿಡಬೇಕು.